ಕಂಪ್ಯೂಟರಿನ ದೊಡ್ಡಿಗೆ ಮೂಗೂರಿನ ಹಸುಗಳು

ಹಸುವಿಗೂ ಕಂಪ್ಯೂಟರಿಗೂ ಗಂಟು ಹಾಕುವ ಕೆಲಸ ಹಿಡಿದವರಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಆದಾಗ ಮೈಯೆಲ್ಲ ಉರಿಯುತ್ತದೆ. ಆರು ತಿಂಗಳಾದ ಮೇಲೆ ಅದನ್ನೇ ಬಂದವರಿಗೆಲ್ಲ ಹೇಳಿಕೊಂಡು ನಗುತ್ತೇವೆ. ನನಗೆ ಸಿಟ್ಟು ಸ್ವಲ್ಪ ಜಾಸ್ತಿ, ಹಾಗಾಗಿ ನಗುವುದಕ್ಕೂ ಸರಕು ಜಾಸ್ತಿಯೇ ಸಿಕ್ಕಿದೆ.

ನಂಜನಗೂಡಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಇರುವುದು ಮೂರೇ ಜನ. ಪ್ರೋಗ್ರಾಂ ಬರೆಯುವ ನಾನು, ಟೈಪು ಮಾಡುವ ಆಪರೇಟರ್, ಇಬ್ಬರ ಮೇಲೂ ಕಣ್ಣಿಡುವ ಯಜಮಾನರು. ನಂಜನಗೂಡು, ಟಿ. ನರಸೀಪುರ ಸುತ್ತಿನ ಕೆಲವು ಊರುಗಳ ಹಾಲಿನ ಸಂಘಗಳಿಗೆ ಹಸುಗಳ ರಿಜಿಸ್ಟರು ಮಾಡಿಕೊಡುವುದು ನಮ್ಮ ಕಸುಬು. ಯಾವ ಹಸು ಯಾರದು, ವಯಸ್ಸೆಷ್ಟು, ಎಷ್ಟು ಸಲ ಕರು ಹಾಕಿದೆ, ಯಾವ ಲಸಿಕೆ ಆಗಿದೆ, ಇಷ್ಟೇ.

ನಮ್ಮ ರಿಜಿಸ್ಟರಿಗೆ ಒಂದು ಹಟವಿದೆ. ಹಳೇ ಕಾಲದ ಪುಸ್ತಕದಲ್ಲಿ ತಪ್ಪು ಬರೆದರೆ ಉಜ್ಜಿ ಅಳಿಸುವಂತಿರಲಿಲ್ಲ. ಗೀಟೆಳೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ನಮ್ಮದೂ ಅದೇ, ಕಂಪ್ಯೂಟರಿನಲ್ಲಿ. ಯಾರು, ಯಾವತ್ತು, ಏನನ್ನು, ಯಾವ ಕಾರಣಕ್ಕೆ ಬದಲಾಯಿಸಿದರು ಎಂಬುದೆಲ್ಲ ಹಾಗೇ ಉಳಿಯುತ್ತದೆ. ವರ್ಷನ್ ಕಂಟ್ರೋಲ್ ಅಂತ ಇದಕ್ಕೆ ಹೆಸರು. ಬೇಕಾದರೆ ಹಿಂದಿನ ಸ್ಥಿತಿಗೆ ತಿರುಗಿಸಬಹುದು, ಅಳಿಸಲು ಮಾತ್ರ ಆಗುವುದಿಲ್ಲ. ಒಂದೊಂದೇ ಹಸು ಸೇರಿಸುವುದಕ್ಕೆ ಇದು ಬಹಳ ಚೆನ್ನ. ಒಂದು ಊರಿನ ಹಸುಗಳನ್ನೆಲ್ಲ ಒಟ್ಟಿಗೆ ಒಳಗೆ ತರಬೇಕೆಂದಾಗಲೇ ಗೋಳು ಶುರುವಾಗುವುದು.

ಆ ಗೋಳಿನಲ್ಲಿ ನನ್ನದೊಂದು ತಪ್ಪೂ ಇತ್ತು, ಮೊದಲೇ ಹೇಳಿಬಿಡುತ್ತೇನೆ. ಹೋದ ಸಲ ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಊರೂರಿನ ಪಟ್ಟಿ ನಮ್ಮಿಂದಲೇ ಹೋಗಿತ್ತು. ಮೂಗೂರಿನ ಹಸುಗಳನ್ನು ತುಂಬಿಸುವಾಗ ನನ್ನ ಪ್ರೋಗ್ರಾಂ ಏನೋ ಒಪ್ಪಿಗೆಯಾಗದ ಸಾಲುಗಳನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗಿಬಿಟ್ಟಿತ್ತು. ಹೆಚ್ಚುಕಡಿಮೆ ಒಂದು ಬೀದಿಯಷ್ಟು ಹಸುಗಳು ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಯಲ್ಲಿದ್ದಷ್ಟೇ ಲಸಿಕೆ ಬಂತು. ಉಳಿದವಕ್ಕೆ ಜ್ವರ ಬಂದು ತಿಂಗಳುಗಟ್ಟಲೆ ಕುಂಟಿದವು, ಒಂದು ಕರು ಸತ್ತೂ ಹೋಯಿತು. ನನಗೆ ಆಗ ನಾಲ್ಕು ದಿನ ಊಟ ಸೇರಲಿಲ್ಲ. ಹಾಗಾಗಿ ಈ ಸಲದ ಲಸಿಕೆ ಬರುತ್ತದೆ ಎಂದಾಗ ಎಲ್ಲ ಊರಿನ ಪಟ್ಟಿಯನ್ನೂ ಹೊಸದಾಗಿ, ಒಂದೂ ಬಿಡದೆ ತುಂಬಿಸುವುದೆಂದು ಹಟ ಹಿಡಿದು ಕೂತೆ.

೧. ಕಾರಣ ತಿಳಿಸಿ

ರಿಜಿಸ್ಟರಿನಲ್ಲಿ ಏನೇ ಬದಲಾಯಿಸಿದರೂ "ಕಾರಣ ತಿಳಿಸಿ" ಎಂದು ಒಂದು ಖಾಲಿ ಜಾಗ ಬರುತ್ತದೆ. ತುಂಬದಿದ್ದರೆ ಮುಂದೆ ಹೋಗಲು ಬಿಡುವುದಿಲ್ಲ. ಈ ನಿಯಮ ಹಾಕಿದವಳು ನಾನೇ. ಒಂದು ಹಸುವಿಗೆ ಒಂದು ಕಾರಣ, ಅದರಲ್ಲೇನು ಕಷ್ಟ ಅನ್ನಿಸಿತ್ತು.

ನಮ್ಮ ಆಪರೇಟರ್ ಹೆಡತಲೆಯ ಹೆಣ್ಣುಮಗಳು. ಮದುವೆಯಾಗಿ ಎರಡು ಮಕ್ಕಳ ತಾಯಿ, ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಾಳೆ. ಸುಳ್ಳು ಹೇಳಿ ಗೊತ್ತಿಲ್ಲ. ಅವಳ ಮುಂದೆ ಸಾವಿರಾರು ಹಸುಗಳ ಹಾಳೆ ಇಟ್ಟು, "ಒಂದೊಂದಾಗಿ ಒಳಗೆ ಹಾಕ್ತಾ ಹೋಗು" ಎಂದು ನಾನು ನರಸೀಪುರಕ್ಕೆ ಹೋದೆ. ಎರಡು ದಿನ ಅಲ್ಲೇ ಕೆಲಸವಿತ್ತು.

ಮೂರನೆಯ ದಿನ ಸಂಘಗಳ ಅಧ್ಯಕ್ಷರನ್ನೆಲ್ಲ ಕರೆಸಿ, ಕಂಪ್ಯೂಟರಿನ ಪರದೆ ಗೋಡೆಯ ಮೇಲೆ ದೊಡ್ಡದಾಗಿ ಮೂಡುವಂತೆ ಮಾಡಿ, ಯಜಮಾನರು ನಮ್ಮ ರಿಜಿಸ್ಟರಿನ ಹೆಗ್ಗಳಿಕೆ ತೋರಿಸಲು ನಿಂತರು. "ನೋಡಿ, ಇಲ್ಲಿ ಯಾವುದೂ ಮುಚ್ಚುಮರೆ ಇಲ್ಲ. ಯಾವ ಹಸು ಯಾಕೆ ಬದಲಾಯ್ತು ಅಂತ ಕಾರಣ ಸಮೇತ ಬರುತ್ತೆ" ಎಂದು ಒಂದು ಹಸುವಿನ ಮೇಲೆ ಒತ್ತಿದರು.

ಕಾರಣ: ಹಳೆ ಪುಸ್ತಕದಲ್ಲಿ ಇದ್ದಂತೆ.

ಅಧ್ಯಕ್ಷರು ತಲೆದೂಗಿದರು. ಯಜಮಾನರು ಉತ್ಸಾಹದಿಂದ ಇನ್ನಷ್ಟು ಕೆಳಗೆ ಹೋಗಿ ಇನ್ನೊಂದರ ಮೇಲೆ ಒತ್ತಿದರು.

ಕಾರಣ: ಅದೇ.

ಇನ್ನೊಂದು. ಕಾರಣ: ಬೆರಳು ನೋಯ್ತಾ ಇದೆ.

ಇನ್ನೊಂದು. ಕಾರಣ: ಅತ್ತೆ ಫೋನು ಮಾಡಿದ್ದರು, ಮಗಳಿಗೆ ಜ್ವರ ಬಿಟ್ಟಿದೆಯಂತೆ.

ಒಬ್ಬ ಅಧ್ಯಕ್ಷರು "ಸದ್ಯ, ಬುಡ್ತಲ್ಲ" ಎಂದರು. ಏನಾದರೂ ಮಾನ ಉಳಿಸುವಂಥದ್ದು ಸಿಗಲಿ ಎಂದು ಯಜಮಾನರು ಕಟ್ಟಕಡೆಯ ಹಸುವಿನ ಮೇಲೆ ಒತ್ತಿದರು.

ಕಾರಣ: ಒಂದೇ ಸಲ ಎಲ್ಲದಕ್ಕೂ ಕಾರಣ ಬರೆಯೋ ಹಾಗೆ ಮಾಡಿ ಅಂತ ಮೇಡಂಗೆ ಫೋನಿನಲ್ಲಿ ಹೇಳಿದೆ, ಸಿಡುಕಿದರು.

ಸಭೆಯವರೆಲ್ಲ ನನ್ನ ಕಡೆ ತಿರುಗಿದರು. ಅವತ್ತೇ ಸಂಜೆ ಪ್ರೋಗ್ರಾಂ ಬದಲಾಯಿಸಿದೆ. ಇಡೀ ಊರಿಗೆ ಒಂದೇ ಕಾರಣ ಸಾಕು ಎಂದಾಯಿತು. ಹಾಗೆ ಬದಲಾಯಿಸಿದ್ದಕ್ಕೂ ಕಾರಣ ಕೇಳಿತು. "ಸಿಡುಕಿದ್ದು ನಿಜ" ಎಂದು ಬರೆದೆ.

೨. ಎಲ್ಲಿಗೆ ಬಂದೊ?

ಮೂಗೂರು ಸಂಘದ ಕಾರ್ಯದರ್ಶಿಗಳು ಎಪ್ಪತ್ತರ ಹತ್ತಿರದವರು. ಸಂಘ ಶುರುವಾದ ದಿನದಿಂದ ಅವರೇ ಕಾರ್ಯದರ್ಶಿ, ಹಸುಗಳ ಪುಸ್ತಕವೆಲ್ಲ ಅವರದೇ ಅಕ್ಷರ. ಹೋದ ಸಲದ ಅನಾಹುತವಾದ ಮೇಲೆ ಒಂದು ದಿನ ಬಂದು ನನ್ನೆದುರಿಗೆ ಕೂತಿದ್ದರು. ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. "ಈ ಸಲ ನಾನೇ ಮುಂದೆ ಕುಂತು ನೋಡ್ತೀನಿ ಕಣವ್ವ" ಎಂದು ಎದ್ದು ಹೋದರು. ಬಯ್ದಿದ್ದರೇ ವಾಸಿಯಿತ್ತು.

ಹೇಳಿದ ಹಾಗೇ ಮಾಡಿದರು. ಇಪ್ಪತ್ತೆರಡು ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿಕೊಂಡು, ನರಸೀಪುರದಲ್ಲಿ ಬಸ್ಸು ಬದಲಾಯಿಸಿ, ದಿನಾ ಬರತೊಡಗಿದರು. ಪುಸ್ತಕ ಬಿಟ್ಟು ಹೋಗಿ ಎಂದರೆ ಒಪ್ಪುವುದಿಲ್ಲ. ಆಪರೇಟರ್ ಟೈಪು ಮಾಡುವಾಗ ಪಕ್ಕದಲ್ಲಿ ಕೂತು, ಹಾಳೆ ತಾವೇ ತಿರುಗಿಸಿ, ಸಂಜೆ ಚೀಲ ಹೊತ್ತು ಊರಿಗೆ ವಾಪಸು. ಹದಿನೈದು ದಿನ ಹೀಗೇ ನಡೆಯಿತು.

ಟೈಪಾದದ್ದನ್ನು ರಿಜಿಸ್ಟರಿನೊಳಗೆ ತುಂಬಿಸಿ ನೋಡೋಣ ಎಂದು ಒಂದು ಗುರುವಾರ ಶುರು ಮಾಡಿದೆ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ಮೆಲ್ಲಗೆ ಬೆಳೆಯುತ್ತದಲ್ಲ, ಅದನ್ನೇ ನೋಡುತ್ತಾ ಅವರು ಕೂತರು. ಹತ್ತು ನಿಮಿಷವಾಯಿತು.

"ನಮ್ ಅಸ ಎಲ್ಲಿಗ್ ಬಂದೊ, ಅವ್ವ?"

"ನಾಲ್ಕು ಪರ್ಸೆಂಟು."

"ಅಂಗಂದ್ರೆ?"

ಏನು ಹೇಳಲಿ? ಪಟ್ಟಿಯ ಎಡತುದಿ ತೋರಿಸಿ, "ಇದು ಮೂಗೂರು ಅಂತ ಇಟ್ಕೊಳಿ. ಆ ಕಡೆ ತುದಿ ನಂಜನಗೂಡು" ಎಂದೆ.

ಅರ್ಥವಾಗಿಬಿಟ್ಟಿತು. ಅಲ್ಲಿಂದ ಮುಂದೆ ಅವರೇ ಹೇಳತೊಡಗಿದರು. "ಊರ್ ಮುಂದ್ಲ ಕೆರೆ ತಾವ್ಲೇ ಅವೆ." ಊಟ ಮುಗಿಸಿ ಬಂದು ನೋಡಿ, "ಇನ್ನೂ ನರಸೀಪುರಾನೇ ಮುಟ್ಟಿಲ್ವಲ್ಲ!" ಅಷ್ಟರಲ್ಲಿ ಯಜಮಾನರು ಬಂದು, "ಎಷ್ಟಾಯ್ತು?" ಎಂದರು. ಆಪರೇಟರ್ ತಲೆಯೆತ್ತದೆ, "ನರಸೀಪುರ ಬಸ್ ಸ್ಟ್ಯಾಂಡು ಸರ್" ಎಂದಳು. ಯಜಮಾನರಿಗೆ ಏನೂ ತಿಳಿಯದೆ, "ಬೇಗ ಹೊರಡಿಸು" ಎಂದು ಹೋದರು.

ನಾಲ್ಕೂವರೆಗೆ ಕರೆಂಟು ಹೋಯಿತು. ಅರ್ಧಕ್ಕೆ ನಿಂತರೆ ಪ್ರೋಗ್ರಾಂ ಮೊದಲಿಂದಲೇ ಶುರು ಮಾಡುತ್ತಿತ್ತು, ಕರೆಂಟು ಬಂದ ಮೇಲೆ ನೋಡಿದರೆ ಹಸಿರು ಪಟ್ಟಿ ಮತ್ತೆ ಎಡತುದಿಯಲ್ಲಿತ್ತು.

"ಯಾರವ್ವ ಅವುನ್ನ ವಾಪಸ್ ಒಡುದ್ದೋರು?" ಎಂದು ಕಾರ್ಯದರ್ಶಿಗಳು ಕೇಳಿದರು. ಅವರ ದನಿಯಲ್ಲಿ ನಿಜವಾದ ನೋವಿತ್ತು. ನಾನು ಆಪರೇಟರ್ ಮುಖ ನೋಡಲಿಲ್ಲ, ನೋಡಿದ್ದರೆ ನಕ್ಕುಬಿಡುತ್ತಿದ್ದೆ.

೩. ಯಾರಿಗೂ ಬೇಡದ ಹಸು

ಮೂಗೂರನ್ನು ಪಕ್ಕಕ್ಕಿಟ್ಟು ಮರುದಿನ ಬೆಳಿಗ್ಗೆ ಹೆಮ್ಮಿಗೆ ಹಿಡಿದೆವು. ಹೆಮ್ಮಿಗೆಯಿಂದ ಎರಡು ಪಟ್ಟಿ ಬಂದಿದ್ದವು. ಒಂದರಲ್ಲಿ ಒಂದು ಹಸುವಿನ ಮುಂದೆ ಅಣ್ಣನ ಹೆಸರಿತ್ತು, ಇನ್ನೊಂದರಲ್ಲಿ ಅದೇ ಹಸುವಿನ ಮುಂದೆ ತಮ್ಮನ ಹೆಸರು. ಒಂದೇ ಹಸುವಿಗೆ ಇಬ್ಬರ ಹೆಸರು ಕಂಡರೆ ಪ್ರೋಗ್ರಾಂ ನಿಂತುಬಿಡುತ್ತದೆ. "ಎರಡರಲ್ಲಿ ಯಾವುದನ್ನು ಉಳಿಸಲಿ?" ಎಂದು ಕೇಳುತ್ತದೆ.

ಆಪರೇಟರ್ ಅಣ್ಣನಿಗೆ ಫೋನು ಮಾಡಿದಳು.

"ಅದು ನನ್ ತಮ್ಮಂದು ಕಣವ್ವ" ಎಂದ ಆತ. "ಭಾಗ ಆದಾಗ್ಲೇ ಕೊಟ್ಬುಟ್ಟೆ. ನಂದಲ್ಲ ಅದು."

ತಮ್ಮನಿಗೆ ಮಾಡಿದಳು.

"ಅಣ್ಣಂದೇ ಕಣಕ್ಕ. ನಮ್ ಕೊಟ್ಟಿಗೇಲಿ ಕಟ್ಟವ್ನೆ, ಅಷ್ಟೆಯಾ."

ನನ್ನ ಸರ್ವೀಸಿನಲ್ಲಿ ಅಣ್ಣತಮ್ಮಂದಿರು ಒಂದು ಹಸುವನ್ನು ಪರಸ್ಪರ ಬಿಟ್ಟುಕೊಡುತ್ತಿರುವುದು ಅದೇ ಮೊದಲು. ಎಂಥ ಒಳ್ಳೆಯ ಜನ ಅನ್ನಿಸಿತು. ಆಪರೇಟರ್ ಹಳ್ಳಿಯವಳು, ಅಷ್ಟು ಸುಲಭಕ್ಕೆ ನಂಬುವುದಿಲ್ಲ. "ಅಲ್ಲಾ, ಒದೀತದಾ ಅದು?" ಎಂದು ತಮ್ಮನನ್ನು ಕೇಳಿದಳು.

"ಒದೀತದೆ" ಎಂದ ತಮ್ಮ. "ಓದ್ ಸಲ ಸೂಜಿ ಆಕ್ಸಕ್ಕೆ ಇಡ್ಕಂಡಿದ್ದೋನು ನಾನೇಯಾ. ಮೂರ್ ದಿನ ಎದ್ದಿಲ್ಲ." ಪಟ್ಟಿಯಲ್ಲಿ ಯಾರ ಹೆಸರಿದೆಯೋ ಅವರೇ ಹಿಡಿದುಕೊಳ್ಳಬೇಕಲ್ಲ, ಅದೇ ವಿಷಯ.

"ಸರಿ ಬುಡಣ್ಣ, ಮಾಲೀಕರೇ ಇಲ್ಲ ಅಂತ ಬರ್ಕೊತೀನಿ. ಗಬ್ಬ ಅಂತ ಬೇರೆ ಬರ್ದದೆ. ಕರುನೂ ಯಾರದ್ದೂ ಅಲ್ಲ ಅಂತ ಬರೀತೀನಿ" ಎಂದು ಫೋನಿಟ್ಟಳು.

ಸುದ್ದಿ ಅಣ್ಣನಿಗೂ ಮುಟ್ಟಿರಬೇಕು, ಐದು ನಿಮಿಷದೊಳಗೆ ಇಬ್ಬರೂ ವಾಪಸು ಫೋನು ಮಾಡಿದರು. ಹಸು ನನ್ನದೇ ಎಂದು ಅಣ್ಣ, ನನ್ನದೇ ಎಂದು ತಮ್ಮ. ಸಂಜೆಯೊಳಗೆ ಆ ಹಸುವಿನ ಮಾಲೀಕರು ಒಂಬತ್ತು ಸಲ ಬದಲಾದರು, ಒಂಬತ್ತೂ ರಿಜಿಸ್ಟರಿನಲ್ಲಿ ಭದ್ರವಾಗಿವೆ. ಲಸಿಕೆ ಹಾಕುವ ಡಾಕ್ಟರು ನರಸೀಪುರದಿಂದ ಫೋನು ಮಾಡಿ ಪಟ್ಟಿ ಎಲ್ಲಿಗೆ ಬಂತು ಎಂದು ಕೇಳಿದಾಗ ನಾನು ಈ ಕಥೆ ಹೇಳಿದೆ. ಅವರು ಸಾವಧಾನವಾಗಿ ಕೇಳಿಸಿಕೊಂಡು, "ಮಾಲೀಕರ ಹೆಸರು ಹೇಗಾದ್ರೂ ಇರಲಿ ಮೇಡಂ, ಒದೆಯೋ ಹಸುಗೆ ಒಂದು ಕಾಲಂ ಮಾಡಿಕೊಡಿ" ಎಂದರು.

೪. ಬಾಗಿಲು ಮುಚ್ಚುವ ಕ್ರಮ

ಶನಿವಾರ ಬಂತು. ಡಾಕ್ಟರಿಗೆ ಸಂಜೆ ನಾಲ್ಕಕ್ಕೆ ಪಟ್ಟಿ ತಲುಪಬೇಕು. ಅದನ್ನು ನೋಡಿಕೊಂಡೇ ಯಾವ ಊರಿಗೆ ಎಷ್ಟು ಲಸಿಕೆ ಎಂದು ಅವರು ಐಸ್ ಪೆಟ್ಟಿಗೆ ತುಂಬಿಸುವುದು. ಮಿಕ್ಕ ಊರುಗಳೆಲ್ಲ ಒಳಗೆ ಬಂದಾಗಿತ್ತು. ಉಳಿದದ್ದು ಮೂಗೂರಿನ ಆರುನೂರ ನಲವತ್ತು ಹಸು.

ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆ. ರಿಜಿಸ್ಟರು ದಪ್ಪವಾದಷ್ಟೂ ನನ್ನ ಪ್ರೋಗ್ರಾಂ ನಿಧಾನವಾಗುತ್ತಾ ಬಂದಿತ್ತು. ಮೊದಲ ಊರಿಗೆ ಹಸುವೊಂದಕ್ಕೆ ಒಂದು ಸೆಕೆಂಡು ಸಾಕಾಗಿತ್ತು, ಈಗ ಒಂದೂವರೆ ನಿಮಿಷ. ನಾಲ್ಕು ಗಂಟೆಯೊಳಗೆ ಅರ್ಧ ಊರೂ ಒಳಗೆ ಬರುವುದಿಲ್ಲ ಎಂದು ಲೆಕ್ಕ ಹಾಕಿದೆ. ಎರಡನೆಯ ಸಲವೂ ಇದೇ ಊರಿಗೆ ಕೈ ಕೊಡುವುದು, ಅದೂ ಆ ಮನುಷ್ಯ ಎದುರಿಗೇ ಕೂತಿರುವಾಗ.

ಹನ್ನೊಂದೂವರೆಗೆ ಕಾರ್ಯದರ್ಶಿಗಳು ಕೆಮ್ಮಿದರು. "ಅವ್ವ, ಒಂದ್ ಮಾತ್ ಕೇಳ್ಲಾ? ಒಂದೊಂದ್ ಅಸಿಗೂ ಇದು ಏನ್ ಮಾಡ್ತಾ ಕುಂತದೆ?"

ಸಿಟ್ಟು ಬಂದಿತ್ತು, ಆದರೂ ಹೇಳಿದೆ. "ರಿಜಿಸ್ಟರು ತೆಗೆಯುತ್ತೆ. ಹಳೇದನ್ನೆಲ್ಲ ಒಂದ್ಸಲ ನೋಡುತ್ತೆ. ಹಸುನ ಬರೆಯುತ್ತೆ. ಸಹಿ ಹಾಕಿ ರಿಜಿಸ್ಟರು ಮುಚ್ಚುತ್ತೆ. ಆಮೇಲೆ ಮುಂದಿನ ಹಸು."

"ಪ್ರತೀ ಅಸಿಗೂ ಮುಚ್ಚೀ ಮುಚ್ಚೀ ತಗೀತದಾ?"

"ಹೌದು."

ಅವರು ನನ್ನನ್ನು ಸ್ವಲ್ಪ ಕನಿಕರದಿಂದ ನೋಡಿದರು. "ನಮ್ಮಪ್ಪ ಊರ್ ದನ ಕಾಯ್ತಿದ್ದ. ಸಂಜೆ ದೊಡ್ಡಿಗ್ ಕೂಡಾಗ ಬಾಗ್ಲು ಒಂದೇ ಸತಿ ತಗ್ಯೋನು. ಅಸ ಒಳಕ್ ಓದಂಗೆಲ್ಲ ಟವಲ್ ಒಳಕ್ಕೆ ಒಂದೊಂದ್ ಕಲ್ಲು. ಎಲ್ಲಾ ಒಳಕ್ ಓದ್ಮೇಲೆ ಕಲ್ಲ್ ಎಣಿಸೋನು. ಸರೀಗಿದ್ರೆ ಒಂದೇ ಸತಿ ಬಾಗ್ಲು ಮುಚ್ಚೋನು. ಒಂದು ಕಮ್ಮಿ ಬಂದ್ರೂ ಮುಚ್ತಿರ್ಲಿಲ್ಲ, ಎಲ್ಲಾನೂ ಈಚೆಗ್ ಒಡ್ದು ಮೊದ್ಲಿಂದ ಎಣಿಸೋನು. ಒಂದೊಂದ್ ಅಸಿಗೂ ಬಾಗ್ಲು ಮುಚ್ತಾ ಕುಂತಿದ್ರೆ ಬೆಳಕ್ ಅರೀತಿತ್ತು."

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಪಾಠದಲ್ಲಿ ಓದಿದ್ದೆ, ನರಸೀಪುರದ ಟ್ರೇನಿಂಗ್ ಸೆಂಟರಿನಲ್ಲಿ ಆರು ವರ್ಷ ಬೇರೆಯವರಿಗೆ ಹೇಳಿಯೂ ಕೊಟ್ಟಿದ್ದೆ. ಎಲ್ಲವನ್ನೂ ಒಂದು ಗುಂಪಾಗಿ ತೆಗೆದುಕೋ, ಹಳೆಯದನ್ನು ಒಂದೇ ಸಲ ನೋಡು, ಕೊನೆಗೆ ಒಂದೇ ಸಲ ಸಹಿ ಹಾಕು. ನನ್ನ ಸ್ವಂತ ಪ್ರೋಗ್ರಾಮಿನಲ್ಲಿ ಮಾತ್ರ ಅದು ಹೊಳೆದಿರಲಿಲ್ಲ. ಓಡುತ್ತಿದ್ದದ್ದನ್ನು ನಿಲ್ಲಿಸಿ, ಪ್ರೋಗ್ರಾಂ ಬಿಚ್ಚಿಕೊಂಡು ಕೂತೆ. ಅವರು ಹೇಳಿದ ಕೊನೆಯ ಮಾತನ್ನೂ ಬಿಡದೆ ಸೇರಿಸಿದೆ. ಒಂದೇ ಒಂದು ಹಸು ಒಪ್ಪಿಗೆಯಾಗದಿದ್ದರೂ ಇಡೀ ಊರು ಹಿಂದಕ್ಕೆ. ಸದ್ದಿಲ್ಲದೆ ಬಿಟ್ಟು ಹೋಗುವ ಆಟ ಇನ್ನಿಲ್ಲ.

ಎರಡೂವರೆಗೆ ಮುಗಿಯಿತು. ಬದಲಾಯಿಸಿದ್ದಕ್ಕೆ ಕಾರಣ ಕೇಳಿತು. "ಮೂಗೂರಿನ ಕಾರ್ಯದರ್ಶಿಗಳ ತಂದೆಯವರು ಹೀಗೆ ಮಾಡುತ್ತಿದ್ದರು" ಎಂದು ಬರೆದೆ. ಇನ್ನೇನು ಬರೆಯಲಿ?

೫. ನಂಬರ್ ಒಂದು

ಹಸಿರು ಪಟ್ಟಿ ಹೊರಟಿತು. ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ನರಸೀಪುರ ದಾಟಿತು. "ಅಯ್ಯಯ್ಯೊ, ಓಡುಸ್ಬ್ಯಾಡಿ, ಗಬ್ಬದವು ಅವೆ!" ಎಂದು ಅವರು ಎದ್ದು ನಿಂತರು. ಮೂರು ನಿಮಿಷ. ಪಟ್ಟಿ ನಂಜನಗೂಡಿಗೆ ಬಂದು ಮುಟ್ಟಿತು. ಆಪರೇಟರ್ ಚಪ್ಪಾಳೆ ತಟ್ಟಿದಳು.

ಆಮೇಲೆ ಪಟ್ಟಿ ಕೆಂಪಗಾಯಿತು. ಆರುನೂರ ಮೂವತ್ತೊಂಬತ್ತು ಸರಿ, ಒಂದು ತಪ್ಪು, ಎಲ್ಲವೂ ವಾಪಸು.

"ಒಂದ್ ಅಸಿಗೋಸ್ಕರ ನಮ್ ಊರನ್ನೇ ಇಂದಕ್ ಕಳ್ಸುದ್ರಾ?" ಕಾರ್ಯದರ್ಶಿಗಳಿಗೆ ಸಿಟ್ಟು ನೆತ್ತಿಗೇರಿತು.

"ನೀವೇ ಹೇಳಿದ್ದಲ್ವಾ, ಒಂದು ಕಮ್ಮಿ ಬಂದ್ರೂ ಬಾಗಿಲು ಮುಚ್ಚಬಾರದು ಅಂತ?"

"ಯಾವನ್ದು ಆ ದರಿದ್ರದ್ ಅಸ? ಎಸ್ರೇಳಿ, ಈಗ್ಲೇ ಫೋನಾಕಿ ಉಗೀತೀನಿ!"

ಆಪರೇಟರ್ ಪರದೆ ನೋಡಿದಳು, ಅವರನ್ನು ನೋಡಿದಳು, ಮತ್ತೆ ಪರದೆ ನೋಡಿದಳು. "ತಾತ, ನಿಮ್ದೇ."

ಸಂಘದ ಹಸುಗಳ ಕೊರಳಿಗೆ ನಂಬರಿನ ಒಂದು ಹಿತ್ತಾಳೆ ಬಿಲ್ಲೆ ಕಟ್ಟುತ್ತಾರೆ. ಸಂಘ ಶುರುವಾದಾಗ ನಂಬರ್ ಒಂದರ ಬಿಲ್ಲೆ ಬಂದದ್ದು ಕಾರ್ಯದರ್ಶಿಗಳ ಗೌರಿಗೆ. ಪುಸ್ತಕದಲ್ಲಿದ್ದುದನ್ನೆಲ್ಲ ಒಟ್ಟಿಗೆ ನೋಡಿದ ಪ್ರೋಗ್ರಾಂ ಗೌರಿಯ ವಯಸ್ಸು ಮೂವತ್ತೊಂದು ಎಂದು ಲೆಕ್ಕ ಹಾಕಿ ನಿಂತಿತ್ತು. ಅಷ್ಟು ವಯಸ್ಸಿನ ಹಸುವನ್ನು ಅದು ಒಪ್ಪುವುದಿಲ್ಲ. ಆಪರೇಟರ್ ಗೌರಿಯ ಹಿಂದಿನ ದಾಖಲೆ ತೆಗೆದು ಓದುತ್ತಾ ಹೋದಳು.

"ಬಣ್ಣ ಕಪ್ಪು. ಆಮೇಲೆ ಕೆಂದು. ಆಮೇಲೆ ಕಪ್ಪುಬಿಳಿ ಮಚ್ಚೆ. ಹತ್ತೊಂಬತ್ತು ಕರು. ಮೇಡಂ, ನಡುವೆ ನಾಲ್ಕು ವರ್ಷ ಇದು ಎಮ್ಮೆಯಾಗಿತ್ತು."

"ಏನ್ರೀ ಇದು?" ಎಂದೆ.

ಕಾರ್ಯದರ್ಶಿಗಳು ಒಂದಿಷ್ಟೂ ಅಳುಕಲಿಲ್ಲ. "ನಂಬರು ಅಸೀಂದಲ್ಲ ಕಣವ್ವ, ಗೂಟದ್ದು. ಒಂದ್ ಓದ್ರೆ ಅದೇ ಗೂಟಕ್ಕೆ ಇನ್ನೊಂದ್ ಕಟ್ತೀವಿ, ಅದೇ ಬಿಲ್ಲೆ, ಅದೇ ಎಸ್ರು. ನಂಬರ್ ಒಂದ್ನ ಬುಟ್ಕೊಟ್ಟು ಕಡೇಲಿ ಓಗಿ ನಿಂತ್ಕಳಕ್ಕಾದದಾ?"

ಆಗ ನನಗೆ ತಟ್ಟಿತು. ಹೋದ ಸಲ ನನ್ನ ಪ್ರೋಗ್ರಾಂ ಸದ್ದಿಲ್ಲದೆ ಬಿಟ್ಟದ್ದು ಇಂಥವನ್ನೇ ಇರಬೇಕು. ಕಾರ್ಯದರ್ಶಿಗಳೇ ಮಾಡುವಾಗ ಅವರ ಬೀದಿಯವರೆಲ್ಲ ನೋಡಿ ಹಾಗೇ ಮಾಡಿರಬೇಕು. ಅವರಿಗೂ ಅದು ಹೊಳೆದಿರಬೇಕು.

"ಓದ್ ಸಲ ನಮ್ ಬೀದಿ..." ಎಂದು ಅರ್ಧಕ್ಕೇ ನಿಲ್ಲಿಸಿದರು. "ಅವ್ರೆಲ್ಲ ಆ ಜರ ಬಂದ್ಮೇಲೆ ಎದ್ರಿ ಒಸ ನಂಬರ್ ಮಾಡುಸ್ಕಂಡ್ರು. ನಾನೊಬ್ಬ ಮಾಡುಸ್ಲಿಲ್ಲ."

ಗಂಟೆ ಮೂರಾಗಿತ್ತು. ಹಳೇ ನಂಬರನ್ನು ಮುಚ್ಚಿ ಈಗಿನ ಹಸುವಿಗೆ ಹೊಸದು ಕೊಡದೆ ದಾರಿಯಿಲ್ಲ ಎಂದೆ. ಒಂದು ನಂಬರನ್ನು ಮುಚ್ಚಲು ನಮ್ಮಲ್ಲಿ ಎರಡೇ ಕಾರಣ. ಹಸು ಸತ್ತಿರಬೇಕು, ಇಲ್ಲ ಬೇರೆಯವರ ಕೈಗೆ ಹೋಗಿರಬೇಕು. ಮುಚ್ಚಿದ ನಂಬರು ಮತ್ತೆ ಯಾರಿಗೂ ಸಿಗುವುದಿಲ್ಲ.

"ಸತ್ತಿದೆ ಅಂತ ಹಾಕ್ಲಾ ತಾತ?" ಎಂದಳು ಆಪರೇಟರ್.

"ತಗಿ ತಗಿ! ಕೊಟ್ಟಿಗೇಲಿ ನಿಂತು ಉಲ್ಲು ತಿಂತಾ ಅದೆ. ಅದ್ರ ಬಾಯ್ಗೆ ಮಣ್ಣಾಕಂಗೆ ಬರೀತೀಯಾ?"

"ಹಾಗಾದ್ರೆ ಯಾರಿಗಾದ್ರೂ ಕೊಟ್ಟೆ ಅಂತ ಬರೀಬೇಕು. ಯಾರಿಗೆ?"

ಆರುನೂರ ಮೂವತ್ತೊಂಬತ್ತು ಹಸುಗಳು ಬಾಗಿಲಲ್ಲಿ ನಿಂತಿದ್ದವು, ಕಾರ್ಯದರ್ಶಿಗಳದೊಂದು ನಂಬರು ಅಡ್ಡ ನಿಂತಿತ್ತು. ಮೂವತ್ತು ವರ್ಷ ಊರಲ್ಲಿ ಆ ಬಿಲ್ಲೆಯಿಂದಲೇ ಅವರಿಗೊಂದು ಗತ್ತು ಎಂದು ನನಗೂ ಗೊತ್ತಾಗಿತ್ತು. ಪಾಪ ಅನ್ನಿಸಿತು, ಗಡಿಯಾರ ನೋಡಿ ಸಿಟ್ಟೂ ಬಂತು. ಕೊನೆಗೆ ಫೋನು ತೆಗೆದು ಹೆಂಡತಿಗೆ ಮಾಡಿದರು. ಕಾರ್ಯದರ್ಶಿಗಳಿಗೆ ಕಿವಿ ಮಂದ, ಫೋನಿನ ಸದ್ದು ಜೋರು ಮಾಡಿಟ್ಟಿದ್ದರು, ಆ ಕಡೆಯ ಮಾತೂ ನಮಗೆಲ್ಲ ಕೇಳುತ್ತಿತ್ತು.

"ಲೇ, ಗೌರೀನ ನಿಂಗೆ ಕೊಟ್ಬುಟ್ಟಿವ್ನಿ."

"ಏನು?"

"ಗೌರಿ ಕಣೇ. ಇವತ್ನಿಂದ ನಿಂದು."

"ಬಿಸ್ಲು ಒಡೀತಾ ನಿಮ್ಗೆ? ಇಷ್ಟ್ ದಿನ ಅದ್ರ ಸಗಣಿ ಬಾಚ್ದೋಳು ಯಾರು, ಮೇವಾಕ್ದೋಳು ಯಾರು? ಈಗ್ ಕೊಡಾಕೆ ಅದೇನ್ ನಿಮ್ದಾಗಿತ್ತಾ?"

ಕಾರ್ಯದರ್ಶಿಗಳು ಫೋನಿಟ್ಟು, "ಒಪ್ಕಂಡ್ಲು" ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡು, "ಮುಚ್ಚು ಮಗಾ" ಎಂದರು. ಆಪರೇಟರ್ ನಂಬರ್ ಒಂದನ್ನು ಮುಚ್ಚಿದಳು. ಗೌರಿ, ವಯಸ್ಸು ಐದು, ನಂಬರು ಆರುನೂರ ನಲವತ್ತೊಂದು, ಮಾಲೀಕರು ಕಾರ್ಯದರ್ಶಿಗಳ ಧರ್ಮಪತ್ನಿ.

ಮತ್ತೆ ಬಿಟ್ಟೆ. ಮೂರೇ ನಿಮಿಷ. ಹಸಿರು ಹಸಿರಾಗಿಯೇ ಉಳಿಯಿತು. ಮೂರು ಮುಕ್ಕಾಲಿಗೆ ಹಸುಗಳ ಪಟ್ಟಿ ಡಾಕ್ಟರ ಫೋನಿಗೆ ಹೋಯಿತು. ಸೋಮವಾರ ಮೂಗೂರಿನ ಒಂದು ಹಸುವೂ ತಪ್ಪದೆ ಸೂಜಿ ಹಾಕಿಸಿಕೊಂಡಿತು. ಆ ಸುದ್ದಿ ಬಂದಾಗ ನಾನು ಮಹಡಿಯ ಮೆಟ್ಟಿಲ ಮೇಲೆ ಕೂತು ಎರಡು ನಿಮಿಷ ಅತ್ತೆ. ಅದನ್ನು ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಇಷ್ಟಕ್ಕೇ ಮುಗಿಯಬೇಕಿತ್ತು. ಎರಡು ತಿಂಗಳು ಕಳೆದು ಕಾರ್ಯದರ್ಶಿಗಳು ಮತ್ತೆ ಬಂದರು. ಚೀಲವಿರಲಿಲ್ಲ, ಮುಖ ಸಣ್ಣಗಾಗಿತ್ತು. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳಿದರು.

"ಅವ್ವ, ಈ ನಿಮ್ ರಿಜಿಸ್ಟ್ರಲ್ಲಿ ಇಂದಕ್ಕೆ ತಿರುಗ್ಸಬೌದು ಅಂತಿದ್ರಲ್ಲ?"

"ಯಾಕೆ, ಏನಾಯ್ತು?"

ಆದದ್ದಿಷ್ಟು. ಹೆಸರಿನಲ್ಲಿ ಹಸು ಬಂದ ಮೇಲೆ ಅವರ ಹೆಂಡತಿಯನ್ನು ಸಂಘದ ಸದಸ್ಯೆ ಮಾಡಿಕೊಳ್ಳಲೇಬೇಕಾಯಿತು. ಸದಸ್ಯೆಯಾದ ಮೇಲೆ ಆಕೆ ವರ್ಷದ ಸಭೆಗೆ ಬಂದು ಮುಂದಿನ ಸಾಲಿನಲ್ಲೇ ಕೂತರಂತೆ. ಕಾರ್ಯದರ್ಶಿಗಳ ವರದಿ ಮುಗಿದ ಕೂಡಲೇ ಎದ್ದು ನಿಂತು, "ಅಧ್ಯಕ್ಷರೇ, ಮೂವತ್ತೊಂದು ವರ್ಸ ಆಲು ಕೊಟ್ಟು, ನಡುವೆ ಎಮ್ಮೆನೂ ಆಗಿ ಬಂದ್ ಅಸಿಗೆ ಸಂಘದಿಂದ ಒಂದು ಶಾಲು ಒದಿಸಿ ಸನ್ಮಾನ ಮಾಡ್ಬೇಕಾಗಿತ್ತು, ಯಾಕ್ ಮಾಡ್ಲಿಲ್ಲ ಅಂತ ಕಾರ್ಯದರ್ಶಿಗೋಳು ಯೋಳ್ಬೇಕು" ಎಂದರಂತೆ.

"ನಲವತ್ತೈದ್ ವರ್ಸ ಮನೇಲಿ ಕೇಳ್ತಿದ್ಲು, ತಡ್ಕಂಡಿದ್ದೆ. ಈಗ ಸಭೇಲಿ ಕೇಳ್ತಾವ್ಳೆ, ಉತ್ರ ಬೇರೆ ಬರ್ಕಬೇಕು" ಎಂದರು. "ಅಸೀನ ನನ್ನೆಸ್ರಿಗೆ ವಾಪಸ್ ತಿರುಗ್ಸಿ, ನಿಮ್ ದಮ್ಮಯ್ಯ."

"ತಿರುಗಿಸಬಹುದು. ಈಗಿನ ಮಾಲೀಕರು ಒಪ್ಪಬೇಕು ಅಷ್ಟೇ."

"ನೀವು ಮೊದ್ಲು ತಿರುಗ್ಸಿ, ಆಮೇಲ್ ನಾನ್ ಒಪ್ಪುಸ್ತೀನಿ."

ಆಪರೇಟರ್ ಕೀಬೋರ್ಡು ಹತ್ತಿರಕ್ಕೆ ಎಳೆದುಕೊಂಡಳು. "ಆಯ್ತು ತಾತ, ಒಪ್ಪಿಗೆ ಕೇಳಿ ಅವ್ರ ಫೋನಿಗೆ ಕಳಿಸ್ತೀನಿ. ಕಾರಣ ಕೇಳ್ತಾ ಇದೆ. ಏನಂತ ಬರೀಲಿ?"

ಅವರು ಪರದೆಯ ಹತ್ತಿರಕ್ಕೆ ಬಾಗಿದರು.

"ಅಲ್ಲಿ ಬರುದ್ರೆ ಅಳಿಸಕ್ಕಾಗಲ್ಲ, ಅಲ್ವಾ?"

"ಆಗಲ್ಲ."

"ನಮ್ಮನೆಯವ್ಳು ಓದಬೌದಾ?"

"ಸದಸ್ಯರಲ್ವಾ ತಾತ, ಯಾವಾಗ ಬೇಕಾದ್ರೂ ಓದಬಹುದು."

ಕಾರ್ಯದರ್ಶಿಗಳು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. "ಅಂಗಾರೆ ಅಸ ಅವ್ಳತ್ರಾನೇ ಇರ್ಲಿ ಬುಡವ್ವ" ಎಂದರು. "ನಂಗೆ ಅಂತಾ ಕಾರಣ ಏನೂ ಇಲ್ಲ."